ಕಡಲಿಗೆ ಬಿದ್ದ ಎಣ್ಣೆ, ಲೆಕ್ಕಕ್ಕೆ ಸಿಗದ ಕೂಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ತರುಣರೇ, ಕಡಲಿನ ಸುದ್ದಿ ನಮಗ್ಯಾಕೆ ಅನ್ನಬೇಡಿ. ನಿಮ್ಮ ಮನೆಯ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೂತ ಸುಣ್ಣ. ಕಾರವಾರದ ಬಳಚಿನ ಚಿಪ್ಪೂ ಅದೇ ಸುಣ್ಣ. ಕಲ್ಲಿಗೆ ಎಣ್ಣೆ ತಾಗಿದರೆ ಒರೆಸಬಹುದು, ಬಳಚಿಗೆ?

2006ರ ಮೇ 30ರಂದು ಪನಾಮಾ ಧ್ವಜದ ಓಷನ್ ಸೆರಾಯಾ ಹಡಗು ಕಾರವಾರದೆದುರು ಆಯ್‌ಸ್ಟರ್ ರಾಕ್ ಬಳಿ ಬಂಡೆಗೆ ಸಿಕ್ಕಿತು. ಹೊಟ್ಟೆಯಲ್ಲಿದ್ದದ್ದು ಸುಮಾರು 650 ಟನ್ ಇಂಧನ ತೈಲ. ಮಳೆಗಾಲದ ಅಲೆ ಆ ಕರಿ ಎಣ್ಣೆಯನ್ನು ನಮ್ಮ ದಂಡೆಗೂ ಗೋವಾದ ದಂಡೆಗೂ ಹಚ್ಚಿತು. ಆಯ್‌ಸ್ಟರ್ ಎಂದರೆ ಸಿಂಪಿ. ಸಿಂಪಿಯ ಹೆಸರಿನ ಬಂಡೆಯ ಬುಡದಲ್ಲೇ ಸಿಂಪಿಗೆ ವಿಷ!

ಮೀನು ಈಜಿ ತಪ್ಪಿಸಿಕೊಂಡೀತು. ಬಳಚು, ಸಿಂಪಿ ಎಲ್ಲಿಗೆ ಓಡಬೇಕು? ಅವು ಲೀಟರುಗಟ್ಟಲೆ ನೀರು ಸೋಸಿ ಹೊಟ್ಟೆ ಹೊರೆಯುತ್ತವೆ. ನೀರಿನ ಎಣ್ಣೆಯ ಹನಿಯೂ ಒಳಗಿಳಿಯುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಮೀನಿಗಿರುವಷ್ಟು ಅವಕ್ಕಿಲ್ಲ. ನಮ್ಮ ಪ್ರೆಸ್ಸಿನ ಮಸಿ ಅಂಗೈ ಗೆರೆಯಲ್ಲಿ ಕೂತರೆ ಮೂರು ದಿನ ಬಿಡದು, ಆದರೂ ಅದು ಚರ್ಮದ ಮೇಲಿನ ಮಾತು. ಇಲ್ಲಿ ಎಣ್ಣೆ ಕೂರುವುದು ಮಾಂಸದೊಳಗೆ. ಎಣ್ಣೆ ಚದುರಿಸಲು ಸಿಂಪಡಿಸುವ ರಾಸಾಯನಿಕ ಅದನ್ನು ಕಣ್ಣಿಗೆ ಕಾಣದ ಹನಿ ಮಾಡುತ್ತದೆ. ಆ ಹನಿ ಸೋಸುವ ಜೀವಿಯ ಬಾಯಿಗೇ ಹೋಗುತ್ತದೆ. ಅಲಾಸ್ಕಾದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೆಜ್ ಚೆಲ್ಲಿದ ಎಣ್ಣೆ ದಶಕಗಳಾದರೂ ದಂಡೆಯ ಜಲ್ಲಿಯಡಿ ಸಿಗುತ್ತಿತ್ತು.

2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು. ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು. ಭೇಷ್! ನಾಳೆ ನಮ್ಮ ಕಡಲಲ್ಲಿ ಇಂಥದ್ದಾದರೆ ಕರ್ನಾಟಕ ಯಾವ ಲೆಕ್ಕ ಹಿಡಿದು ಹೋಗುತ್ತದೆ? ದೋಣಿಗೆ ನೋಂದಣಿ ಉಂಟು. ಇಳಿತದ ಹೊತ್ತಿಗೆ ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಸೊಂಟದ ನೀರಿಗಿಳಿದು ಬಳಚು ಹೆಕ್ಕುವ ತಾಯಿಯ ಬಳಿ ಏನಿದೆ? ಒಂದು ಬುಟ್ಟಿ. ಆ ಅಳಿವೆಗೆ 2024ರಲ್ಲಿ ರಾಮ್ಸರ್ ಮನ್ನಣೆ ಬಂತು, ಸಂತೋಷ. ಬುಟ್ಟಿಗೆ ಯಾವ ಮನ್ನಣೆ?

ಹಾಗಂತ ದೂರದ ಹಡಗನ್ನಷ್ಟೇ ಬಯ್ದು ಕೂರುವಂತಿಲ್ಲ. ನಮ್ಮೂರ ಗ್ಯಾರೇಜಿನ ಸುಟ್ಟ ಎಣ್ಣೆಯನ್ನು ಮೋರಿಗೆ ಸುರಿದರೆ ಅದರ ದಾರಿ ಕಾಗಿಣಾ, ಭೀಮಾ, ಕೃಷ್ಣಾ, ಕೊನೆಗೆ ಬಂಗಾಳ ಕೊಲ್ಲಿ.

ಬಳಚು ಹೆಕ್ಕುವವರ ಹೆಸರು ಪಟ್ಟಿಗೆ ಬರಲಿ. ಅವರ ದಿನದ ದುಡಿಮೆ ಬರೆದಿಡಲಿ. ಎಣ್ಣೆ ಚೆಲ್ಲಿದಾಗ ಚಿಪ್ಪಿನ ಮಾಂಸ ತಿನ್ನಬಹುದೋ ಇಲ್ಲವೋ ಎಂಬ ಪರೀಕ್ಷೆಯ ಫಲಿತಾಂಶ ಮೀನು ಮಾರುಕಟ್ಟೆಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಲಿ. ಇದೆಲ್ಲ ಮುಂದಿನ ಹಡಗು ಒಡೆಯುವ ಮೊದಲೇ ಆಗಬೇಕು.