ತಟ್ಟೆಯ ಹಾಡೂ ಅಂಕಿಯ ಹಾಡೂ

ಶಿವಮೊಗ್ಗೆಯ ಕಡೆಯ ನಮ್ಮ ವಾಚಕಿಯೊಬ್ಬರು ಒಂದು ಕಾಗದವನ್ನು ಬರೆದಿರುವರು. ಅವರ ಮನೆಯ ಅಟ್ಟದ ಮೇಲೆ ಮಾವನವರ ಕಾಲದ ಗ್ರಾಮಾಫೋನು ತಟ್ಟೆಗಳು ಒಂದು ಪೆಟ್ಟಿಗೆಯಷ್ಟೂ, ಯಜಮಾನರು ಕೂಡಿಹಾಕಿದ ಧ್ವನಿಸುರುಳಿಗಳು ಎರಡು ಚೀಲಗಳಷ್ಟೂ ಇದ್ದುವಂತೆ. ಮನೆಗೆ ಸುಣ್ಣ ಬಳಿಯಿಸುವಾಗ ಅವೆಲ್ಲ ಕೆಳಗಿಳಿದುವು. ಮತ್ತೆ ಮೇಲಕ್ಕೇರಿಸಬೇಕೆ, ಗುಜರಿಯವನಿಗೆ ಕೊಟ್ಟುಬಿಡಬೇಕೆ ಎಂದು ತಾಯಿಗೂ ಮಗನಿಗೂ ವಾದ ಹುಟ್ಟಿತು. "ಇದರಲ್ಲಿರುವುದೆಲ್ಲ ಮೊಬೈಲಿನಲ್ಲೇ ಸಿಕ್ಕುತ್ತದಲ್ಲಮ್ಮ" ಎಂಬುದು ಮಗನ ಮಾತು. "ಸಿಕ್ಕುವುದು ನಿಜ. ಆದರೂ ಕೊಡುವುದಕ್ಕೆ ಮನಸ್ಸು ಒಪ್ಪದು. ತಾವೇನು ಹೇಳುವಿರಿ?" ಎಂದು ಆಕೆ ನಮ್ಮನ್ನು ಕೇಳಿರುವರು.

ತಾಯಿಯ ಪಕ್ಷವನ್ನೇ ಹಿಡಿಯೋಣವೆಂದು ನಾವು ಲೇಖನಿಯನ್ನು ಕೈಗೆತ್ತಿಕೊಂಡೆವು. ಬರೆಯುತ್ತ ಹೋದಂತೆ ಮಗನ ಮಾತಿನಲ್ಲಿಯೂ ಸತ್ಯಾಂಶವಿದೆಯೆಂಬುದನ್ನು ಒಪ್ಪಬೇಕಾಯಿತು.

ಮೊದಲು ತಟ್ಟೆಯ ವಿಚಾರ. 1902ನೆಯ ಇಸವಿಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಯಂತ್ರ ಸಾಮಗ್ರಿಗಳೊಡನೆ ಕಲ್ಕತ್ತೆಗೆ ಬಂದಿಳಿದು ನವೆಂಬರಿನಲ್ಲಿ ನಮ್ಮ ದೇಶದ ಗಾಯನವನ್ನು ತಟ್ಟೆಗಿಳಿಸತೊಡಗಿದನು. ಆಗ ಹಾಡಿದವರಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯೂ ಒಬ್ಬರು. ಒಂದು ಮಗ್ಗುಲಿಗೆ ಮೂರು ನಿಮಿಷವೆಂದರೆ ಆ ಕಾಲಕ್ಕೆ ಹೆಚ್ಚು. ಗಂಟೆಗಟ್ಟಲೆ ಹಾಡಿ ಅಭ್ಯಾಸವಾದ ಕಂಠವು ಅಷ್ಟರೊಳಗೆ ರಾಗದ ರೂಪವನ್ನು ತೋರಿಸಿ, ಪದವನ್ನು ಮುಗಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಕೂಗಿ ಹೇಳಬೇಕಾಗಿತ್ತು. ಹೆಸರು ಹೇಳುವುದು ಜಂಭಕ್ಕಾಗಿ ಅಲ್ಲ. ತಟ್ಟೆಗಳನ್ನು ಅಚ್ಚೊತ್ತುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ! ಆಕೆ ಮುಂದೆ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ಆಕೆಯ ಗಾಯನವನ್ನು ಎದುರು ಕುಳಿತು ಕೇಳಿದವರೊಬ್ಬರೂ ಇಂದು ಉಳಿದಿಲ್ಲ. ಆದರೆ ಹೆಸರು ಹೇಳಿಕೊಳ್ಳುವ ಆ ಎತ್ತರದ ದನಿಯನ್ನು ಈಗ ಯಾರು ಬೇಕಾದರೂ ಕೇಳಬಹುದು. ಹೇಗೆಂದರೆ, ಯಾರೋ ತಟ್ಟೆಯನ್ನು ಒಡೆಯದೆ ಇಟ್ಟುಕೊಂಡಿದ್ದರು, ಇನ್ನಾರೋ ಅದನ್ನು ಅಂಕಿಗಳಿಗೆ ಇಳಿಸಿ ಲೋಕಕ್ಕೆ ಹಂಚಿದರು. ಈ ಎರಡು ಕೆಲಸಗಳಲ್ಲಿ ಒಂದು ತಪ್ಪಿದ್ದರೂ ನಮಗೆ ಆ ದನಿ ದಕ್ಕುತ್ತಿರಲಿಲ್ಲ.

ನಮ್ಮ ಗಂಗೂಬಾಯಿ ಹಾನಗಲ್ಲರ ವಿಷಯವು ಇದಕ್ಕಿಂತಲೂ ಮನಸ್ಸಿಗೆ ನಾಟತಕ್ಕದ್ದು. ಅವರ ಗಂಭೀರವಾದ, ಗಂಡುದನಿಯಂತೆ ಕೇಳುವ ಕಂಠವನ್ನು ಬಲ್ಲವರು ಬಹು ಜನ. ಆದರೆ 1930ರ ದಶಕದಲ್ಲಿ "ಗಾಂಧಾರಿ" ಎಂಬ ಹೆಸರಿನಲ್ಲಿ ಹೊರಟ ಅವರ ತಟ್ಟೆಗಳಲ್ಲಿರುವುದು ಬೇರೆಯೇ ಒಂದು ಕಂಠ. ತೆಳುವಾದ, ಏರುಶ್ರುತಿಯ ಹೆಣ್ಣುದನಿ. ಆಮೇಲೆ ಗಂಟಲಿನ ಚಿಕಿತ್ಸೆಯಾದ ಬಳಿಕ ಕಂಠವು ಬದಲಾಯಿತು. ಮೊದಲಿನ ದನಿಗೆ ಆ ಅರಗಿನ ತಟ್ಟೆಗಳೇ ಸಾಕ್ಷಿ. ನಮ್ಮ ವಾಚಕಿಯ ಪೆಟ್ಟಿಗೆಯಲ್ಲಿ ಏನೇನಿದೆಯೋ ಯಾರು ಬಲ್ಲರು? "ಎಲ್ಲವೂ ಮೊಬೈಲಿನಲ್ಲಿದೆ" ಎಂಬ ಮಾತನ್ನು, ಪೆಟ್ಟಿಗೆಯಲ್ಲಿ ಇರುವುದೇನೆಂದು ನೋಡಿದ ಮೇಲೆ ಹೇಳಬಹುದೇ ಹೊರತು ಮೊದಲೇ ಹೇಳಲಾಗದು.

ಅರಗಿನ ತಟ್ಟೆಯ ತರುವಾಯ 1948ರಲ್ಲಿ ದೀರ್ಘಕಾಲದ ವಿನೈಲ್ ತಟ್ಟೆಯೂ, 1963ರಲ್ಲಿ ಕ್ಯಾಸೆಟ್ಟೂ, 1982ರಲ್ಲಿ ಸಿ.ಡಿ.ಯೂ ಬಂದುವು. ಇವುಗಳಲ್ಲಿ ಕನ್ನಡದ ಮನೆಗಳಿಗೆ ಅತ್ಯಂತ ಹತ್ತಿರವಾದುದು ಕ್ಯಾಸೆಟ್ಟೆಂದೇ ನಮ್ಮ ಅಭಿಪ್ರಾಯ. 1978ರ "ನಿತ್ಯೋತ್ಸವ" ಮೊದಲಾದ ಧ್ವನಿಸುರುಳಿಗಳಿಂದ ಭಾವಗೀತೆಯು ಅಡಿಗೆಮನೆಯವರೆಗೂ ಬಂದಿತು. ಅದಕ್ಕಿಂತ ಮಿಗಿಲಾಗಿ, ಮನೆಯವರೇ ಗುಂಡಿಯನ್ನೊತ್ತಿ ತಮ್ಮ ಅಜ್ಜಿಯ ಹಾಡನ್ನು ಹಿಡಿದಿಡುವ ಸಾಧನವೂ ಕೈಗೆ ಬಂದಿತು. ತಟ್ಟೆಯ ಕಾಲದಲ್ಲಿ ವಿದ್ವಾಂಸರು ಮಾತ್ರ ಹಾಡಿದರು; ಕ್ಯಾಸೆಟ್ಟಿನ ಕಾಲದಲ್ಲಿ ನಮ್ಮ ಮನೆಯ ಹೆಂಗಸರೂ ಹಾಡಿದರು.

ಇನ್ನು ಅಂಕಿಯ ಹಾಡು. ಅಂಗಡಿಯವನು ದಿನದ ವ್ಯಾಪಾರವನ್ನು ಖಾತೆಯಲ್ಲಿ ಬರೆದಿಡುವಂತೆ, ಧ್ವನಿಯ ಅಲೆಯು ಆಯಾ ಕ್ಷಣದಲ್ಲಿ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಸಂಖ್ಯೆಯಾಗಿ ಬರೆದಿಡುವುದೇ ಇದರ ಮರ್ಮ. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಹೀಗೆ ಅಳೆಯಲಾಗುವುದು. ಒಂದೊಂದು ಅಳತೆಗೂ 65,536 ಮೆಟ್ಟಿಲುಗಳುಂಟು. ಹೀಗಿರಲು ಸಿ.ಡಿ.ಯು ಕೈಯಲ್ಲಿ ಹಿಡಿಯುವ ವಸ್ತುವಾದರೂ ಅದರೊಳಗಿರುವುದು ಅಂಕಿಗಳೇ. ವಸ್ತುವಿನ ಪಕ್ಷ, ಅಂಕಿಯ ಪಕ್ಷ ಎಂದು ಗೆರೆಯೆಳೆದು ಜಗಳವಾಡುವವರು ಇದನ್ನು ಮರೆಯುವರು. 1990ರ ದಶಕದಲ್ಲಿ ಬಳಕೆಗೆ ಬಂದ ಎಂ.ಪಿ.3 ಎಂಬ ವಿಧಾನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದೊಡ್ಡ ಸದ್ದಿನ ಮರೆಯಲ್ಲಿ ನಮ್ಮ ಕಿವಿಗೆ ಕೇಳಿಸದೆ ಹೋಗುವ ಸಣ್ಣ ಸದ್ದುಗಳನ್ನು ಬಿಟ್ಟು, ಉಳಿದುದನ್ನು ಮಾತ್ರ ಕಟ್ಟಿಡುವುದು ಅದರ ಉಪಾಯ. ತೀರ ಚಿಕ್ಕದಾಗಿ ಕಟ್ಟಿದರೆ ತಂಬೂರಿಯ ಝೇಂಕಾರವು ಮಂಕಾಗುವುದೆಂಬುದು ನಮ್ಮ ಅನುಭವ. ಉದಾರವಾಗಿ ಕಟ್ಟಿದರೆ ನಮಗಂತೂ ಭೇದ ತಿಳಿಯದು. ತಟ್ಟೆಯ ನಾದಕ್ಕೆ "ಬೆಚ್ಚನೆಯ ಗುಣ"ವಿದೆಯೆಂದು ಹೇಳುವ ರಸಿಕರೊಡನೆ ನಾವು ವಾದಿಸುವುದಿಲ್ಲ. ಆದರೆ ಆ ಗುಣದಲ್ಲಿ ಸೂಜಿಯ ಕರಕರವೂ ನಮ್ಮ ಎಳೆತನದ ನೆನಪೂ ಎಷ್ಟೆಷ್ಟು ಬೆರೆತಿವೆಯೆಂಬುದನ್ನು ಅವರೇ ಯೋಚಿಸಿಕೊಳ್ಳಲಿ.

ಅಮೆರಿಕೆಯಲ್ಲಿ ತಟ್ಟೆಗೆ ಮರುಜನ್ಮ ಬಂದಿರುವುದು ಸುಳ್ಳಲ್ಲ. 2022ರಲ್ಲಿ ಅಲ್ಲಿ 4 ಕೋಟಿ 10 ಲಕ್ಷ ವಿನೈಲ್ ತಟ್ಟೆಗಳು ಮಾರಾಟವಾದುವು, ಸಿ.ಡಿ.ಗಳು 3 ಕೋಟಿ 30 ಲಕ್ಷ. 1987ರಿಂದೀಚೆಗೆ ತಟ್ಟೆಯು ಸಿ.ಡಿ.ಯನ್ನು ಮೀರಿಸಿದುದು ಅದೇ ಮೊದಲು. ಆದರೂ ಅದೇ ವರ್ಷದ ಒಟ್ಟು ಆದಾಯದಲ್ಲಿ ನೂರಕ್ಕೆ 84ರಷ್ಟು ಬಂದುದು ತಂತಿಯ ಮೇಲೂ ಗಾಳಿಯಲ್ಲೂ ಹರಿದುಬರುವ ಹಾಡಿನಿಂದ. ತಟ್ಟೆಯು ಪ್ರೀತಿಯ ವಸ್ತುವಾಗಿ ಬಾಳೀತು, ದಿನಬಳಕೆಯ ವಸ್ತುವಾಗಿ ಅಲ್ಲ. ಅದರ ಬಾಳೂ ತೆಳ್ಳನೆಯ ದಾರದಲ್ಲಿ ತೂಗುತ್ತಿದೆ. ತಟ್ಟೆಯ ಮೂಲಪ್ರತಿಯನ್ನು ಕೊರೆಯುವುದಕ್ಕೆ ಬೇಕಾದ ಅರಗುಹಚ್ಚಿದ ಫಲಕಗಳನ್ನು ಮಾಡುತ್ತಿದ್ದುದು ಪ್ರಪಂಚದಲ್ಲಿ ಎರಡೇ ಕಾರ್ಖಾನೆಗಳು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಕಾರ್ಖಾನೆಯು ಸುಟ್ಟುಹೋಗಿ, ಜಪಾನಿನದೊಂದೇ ಉಳಿಯಿತು.

ಮಗನು ಯೋಚಿಸತಕ್ಕ ಮಾತೊಂದುಂಟು. ತಿಂಗಳಿಗಿಷ್ಟೆಂದು ತೆತ್ತು ಕೇಳುವ ಹಾಡು ಬಾಡಿಗೆಮನೆಯಿದ್ದಂತೆ. ಬಾಡಿಗೆ ನಿಂತರೆ ಹಾಡೂ ನಿಂತಿತು. ಹಣ ಕೊಟ್ಟು "ಕೊಂಡೆ"ನೆಂದುಕೊಳ್ಳುವ ಅಂಕಿಯ ಹಾಡಿನಲ್ಲಿಯೂ ಅನೇಕ ವೇಳೆ ನಮಗೆ ದೊರೆಯುವುದು ಕೇಳುವ ಅಪ್ಪಣೆ ಮಾತ್ರವೇ. ಅಂಥ ಕಡೆ "ಕೊಳ್ಳಿರಿ" ಎಂಬ ಮಾತನ್ನು ಬಳಸುವವರು ನಿಜಸ್ಥಿತಿಯನ್ನು ತಿಳಿಸಬೇಕೆಂದು ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿಯಿಂದ ಕಾಯಿದೆಯೇ ಜಾರಿಗೆ ಬಂದಿದೆ. ಮೈಸ್ಪೇಸ್ ಎಂಬ ಜಾಲತಾಣದಲ್ಲಿ 2003ರಿಂದ 2015ರವರೆಗೆ ಜನರು ಇರಿಸಿದ್ದ ಹಾಡುಗಳು ಯಂತ್ರದಿಂದ ಯಂತ್ರಕ್ಕೆ ಸಾಗಿಸುವಾಗ ನಾಶವಾದುವೆಂಬ ಸಂಗತಿ 2019ರಲ್ಲಿ ಹೊರಬಿದ್ದಿತು. ಅವುಗಳ ಪೈಕಿ ಸುಮಾರು 4 ಲಕ್ಷ 90 ಸಾವಿರ ಹಾಡುಗಳು ಮತ್ತೆ ಸಿಕ್ಕಿದುವು. ಕಾರಣವಿಷ್ಟೆ: ಯಾರೋ ಕೆಲವು ಮಂದಿ ಸಂಶೋಧನೆಗಾಗಿ ಮೊದಲೇ ನಕಲು ಮಾಡಿಟ್ಟುಕೊಂಡಿದ್ದರು.

ಇಷ್ಟು ಉಪದೇಶ ಮಾಡುವ ನಮ್ಮ ಮನೆಯ ಕಥೆಯನ್ನು ಮುಚ್ಚಿಡುವುದು ನ್ಯಾಯವಲ್ಲ. 1986ರಲ್ಲಿ ನಮ್ಮ ಮನೆಯ ಒಂದು ಮದುವೆಯಲ್ಲಿ ನಮ್ಮ ಸೋದರತ್ತೆಯವರು ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಎಲ್ಲವನ್ನೂ ಹಾಡಿದ್ದರು. ಅದು ಒಂದು ಕ್ಯಾಸೆಟ್ಟಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ನಾವು ಅದನ್ನು ಪೇಟೆಯ ಅಂಗಡಿಯೊಂದರಲ್ಲಿ ಸಿ.ಡಿ.ಗೆ ಇಳಿಸಿಸಿದೆವು. ಹೊಸದು ಬಂದಿತೆಂಬ ಸಂತೋಷದಲ್ಲಿ ಹಳೆಯದನ್ನು ನಾವೇ ಎಸೆದೆವು. ಕೆಲವು ವರ್ಷಗಳಲ್ಲಿ ಆ ಸಿ.ಡಿ. ಮೂಕವಾಯಿತು, ಮನೆಯಲ್ಲೇ ಬರೆದ ಸಿ.ಡಿ.ಗಳ ಬಣ್ಣದ ಪದರವು ಕಾಲಕ್ರಮದಲ್ಲಿ ಕೆಡುವುದೆಂಬುದು ನಮಗೆ ಆಗ ತಿಳಿಯದು. ಗಣಕಯಂತ್ರದಲ್ಲಿದ್ದ ಇನ್ನೊಂದು ಪ್ರತಿಯು ಆ ಯಂತ್ರದೊಡನೆಯೇ ಹೋಯಿತು. ಹದಿನಾಲ್ಕು ಹಾಡುಗಳಲ್ಲಿ ಈಗ ಎರಡು ಉಳಿದಿವೆ. ಅಮೆರಿಕೆಯಲ್ಲಿರುವ ನಮ್ಮ ಅಣ್ಣನ ಮಗಳು ಸೀಮಂತವೊಂದರಲ್ಲಿ ಹಾಡಬೇಕೆಂದು ಅವೆರಡನ್ನು ತನ್ನ ಮೊಬೈಲಿಗೆ ತರಿಸಿಕೊಂಡಿದ್ದಳು. ಅವುಗಳಲ್ಲೊಂದರ ನಡುವೆ ಅತ್ತೆಯವರು ಕೆಮ್ಮಿ, "ಕಾಫಿ ಆಯ್ತೇನೇ?" ಎಂದು ಯಾರನ್ನೋ ಕೇಳುವರು. ಉಳಿದ ಹನ್ನೆರಡರ ಮಟ್ಟುಗಳನ್ನು ನೆನಪಿಟ್ಟವರು ಯಾರೂ ಇಲ್ಲ.

ಆದಕಾರಣ ನಮ್ಮ ವಾಚಕಿಗೆ ಹೇಳುವುದಿಷ್ಟು. ಮಗನನ್ನು ಎರಡು ಭಾನುವಾರ ಪೆಟ್ಟಿಗೆಯ ಮುಂದೆ ಕೂರಿಸಿಕೊಳ್ಳಿರಿ. ಮನೆಯವರ ದನಿಯಿರುವ ಕ್ಯಾಸೆಟ್ಟುಗಳನ್ನು ಮೊದಲು ಬೇರೆಯಿಡಿರಿ. ಅವು ಲೋಕದಲ್ಲಿ ಇನ್ನೆಲ್ಲಿಯೂ ಸಿಕ್ಕುವುದಿಲ್ಲ. ಅವುಗಳ ಬೆನ್ನಿನ ಮೇಲಿರುವ ಎರಡು ಪುಟ್ಟ ಚಕ್ಕೆಗಳನ್ನು ಮುರಿದುಬಿಟ್ಟರೆ ಕೈತಪ್ಪಿ ಬೇರೆ ಧ್ವನಿಯನ್ನು ತುಂಬುವ ಭಯವಿರದು. ಬೂಷ್ಟು ಹಿಡಿದುದನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಧ್ವನಿವರ್ಧಕದ ಪಕ್ಕದಲ್ಲಿ ಇಡಬಾರದು, ಅದರೊಳಗೆ ಅಯಸ್ಕಾಂತವಿರುವುದು. ಅರಗಿನ ತಟ್ಟೆಗಳನ್ನು ಒಂದರಮೇಲೊಂದು ಪೇರಿಸದೆ ನಿಲ್ಲಿಸಿಡಿರಿ. ಸ್ಪಿರಿಟ್ಟಿನಿಂದ ಒರಸಿದರೆ ಅರಗು ಕರಗಿಹೋದೀತು. ವಿನೈಲ್ ತಟ್ಟೆಯ ಸೂಜಿಯು ಇವುಗಳ ಅಗಲವಾದ ಗೆರೆಗೆ ಹೊಂದದು. ಇಳಿಸುವುದಾದರೆ ಕುಗ್ಗಿಸದೆ ಇಳಿಸಿರಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 600 ಮೆಗಾಬೈಟು ಬೇಕಾದೀತು. ಈಗಿನ ದಿನಗಳಲ್ಲಿ ಅದು ಹೆಚ್ಚಲ್ಲ. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಹಾಡಿದವರು ಯಾರು, ಯಾವ ಊರು, ಯಾವ ಸಂದರ್ಭ ಎಂಬುದನ್ನು ನಿಮಗೆ ನೆನಪಿರುವಾಗಲೇ ಬರೆದಿಡಿರಿ. ಮಗನಿಗೆ ಅದು ಮೊಬೈಲಿನಲ್ಲಿ ಸಿಕ್ಕುವುದಿಲ್ಲ.

ಅಟ್ಟದಲ್ಲಿ ಜಾಗ ಸಾಲದೆ ಹೋದರೆ ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಗುಜರಿಯವನಿಗೆ ಧಾರಾಳವಾಗಿ ಕೊಡಬಹುದು. ಅವುಗಳ ಪ್ರತಿಗಳು ನಮ್ಮ ಕಚೇರಿಯಲ್ಲಿ ಬೇಕಾದಷ್ಟಿವೆ.