ಮನೆಯ ಆರೋಗ್ಯ: ತಲೆಸುತ್ತು

ತಲೆಸುತ್ತಿನ ವಿಷಯವಾಗಿ ಬರೆಯಬೇಕೆಂದು ನಮ್ಮ ವಾಚಕರಲ್ಲಿ ಹಲವರು, ವಿಶೇಷವಾಗಿ ಗೃಹಿಣಿಯರು, ಕೇಳುತ್ತಲೇ ಬಂದಿರುವರು. ಈ ವ್ಯಾಧಿಯಲ್ಲಿ ಜ್ವರವಿಲ್ಲ, ಗಾಯವಿಲ್ಲ, ಮೈಮೇಲೆ ತೋರಿಸತಕ್ಕ ಗುರುತೊಂದೂ ಇಲ್ಲ. ಆದುದರಿಂದ ನೋಡುವವರಿಗೆ ಇದು ಅಲ್ಪವಾಗಿ ಕಾಣುವುದು. ಅನುಭವಿಸುವವರಿಗಾದರೋ ನಿಂತ ನೆಲದ ಮೇಲಣ ನಂಬಿಕೆಯೇ ಹೋಗಿಬಿಡುವುದು. "ಪಿತ್ತ ಕೆರಳಿದೆ" ಎಂದು ಹೇಳಿ, ನಿಂಬೆಹಣ್ಣಿನ ಪಾನಕವನ್ನು ಕೊಟ್ಟು ಸುಮ್ಮನಾಗುವುದು ನಮ್ಮ ಮನೆಗಳ ವಾಡಿಕೆ. ಪಾನಕವು ಬಾಯಿಗೆ ಹಿತವೇ ಸರಿ. ಆದರೆ ರೋಗದ ಮೂಲವು ಬಹುಮಟ್ಟಿಗೆ ಕಿವಿಯಲ್ಲಿರುವುದು.

ಮೊದಲು ಒಂದು ಭೇದವನ್ನು ತಿಳಿಯಬೇಕು. ಕುಳಿತಲ್ಲಿಂದ ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆಗಟ್ಟುವುದು ಒಂದು ಬಗೆ. ಅದು ಸಾಮಾನ್ಯವಾಗಿ ರಕ್ತದ ಒತ್ತಡವು ಕ್ಷಣಕಾಲ ತಗ್ಗುವುದರಿಂದ ಬರುವುದು. ಮಲಗಿದ್ದಲ್ಲಿಯೇ ಮಗ್ಗುಲು ಬದಲಿಸಿದಾಗ, ಅಟ್ಟದ ಮೇಲಣ ಡಬ್ಬಿಗಾಗಿ ತಲೆಯೆತ್ತಿದಾಗ, ರಂಗವಲ್ಲಿಯಿಕ್ಕಲು ಬಗ್ಗಿದಾಗ ಮನೆಯೆಲ್ಲ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತುಬಿಡುವುದು ಇನ್ನೊಂದು ಬಗೆ. ಈ ಎರಡನೆಯದನ್ನೇ ನಾವು ಇಲ್ಲಿ ಹೇಳಹೊರಟಿರುವೆವು.

ನಮ್ಮ ಒಳಗಿವಿಯಲ್ಲಿ ಕೇಳುವ ಅಂಗವಲ್ಲದೆ, ದೇಹದ ಸಮತೋಲವನ್ನು ಕಾಯುವ ಅಂಗವೂ ಉಂಟು. ಅದರಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿದ್ದು, ಅವುಗಳೊಳಗಿನ ದ್ರವವು ತಲೆ ತಿರುಗಿದ ದಿಕ್ಕನ್ನು ಮಿದುಳಿಗೆ ತಿಳಿಸುವುದು. ನಾಳಗಳ ಪಕ್ಕದ ಚೀಲದಲ್ಲಿ ಸೂಕ್ಷ್ಮವಾದ ಹರಳುಗಳಿವೆ. ಕಪ್ಪೆಚಿಪ್ಪು ಯಾವ ದ್ರವ್ಯದಿಂದಾಗಿರುವುದೋ ಅದೇ ದ್ರವ್ಯ, ಕ್ಯಾಲ್ಸಿಯಂ ಕಾರ್ಬೊನೇಟ್. ವಯಸ್ಸು ಐವತ್ತು ದಾಟಿದ ಮೇಲೆ, ಅಥವಾ ತಲೆಗೆ ಪೆಟ್ಟು ಬಿದ್ದಾಗ, ಈ ಹರಳುಗಳು ಕಳಚಿಕೊಂಡು ನಾಳದೊಳಕ್ಕೆ ಸೇರುವುದುಂಟು. ಆಮೇಲೆ ತಲೆ ಅಲುಗಿ ನಿಂತರೂ ಹರಳುಗಳು ಉರುಳುತ್ತಲೇ ಇದ್ದು ದ್ರವವನ್ನು ಕದಲಿಸುವುವು. ಕಿವಿಯು "ತಿರುಗುತ್ತಿದ್ದೇವೆ" ಎನ್ನುವುದು. ಕಣ್ಣು "ಇಲ್ಲ" ಎನ್ನುವುದು. ಈ ಜಗಳದ ಹೆಸರೇ ತಲೆಸುತ್ತು.

ಕಿವಿಯ ಸಮತೋಲದ ವಿಷಯದಲ್ಲಿ ದುಡಿದು 1914ನೆಯ ಇಸವಿಯ ನೊಬೆಲ್ ಪಾರಿತೋಷಕವನ್ನು ಪಡೆದ ರಾಬರ್ಟ್ ಬಾರಾನಿ ಎಂಬ ವಿಯೆನ್ನಾದ ವೈದ್ಯನು, ಆ ವಾರ್ತೆ ಬಂದಾಗ ರಷ್ಯದವರ ಯುದ್ಧಕೈದಿಯಾಗಿದ್ದನು. 1921ರಲ್ಲಿ ಈ ಬಗೆಯ ತಲೆಸುತ್ತನ್ನು ವರ್ಣಿಸಿದವನೂ ಆತನೇ. ಪರಿಹಾರವು ದೊರೆತುದು ಬಹಳ ತಡವಾಗಿ. ಅಮೆರಿಕದ ಜಾನ್ ಎಪ್ಲೆ ಎಂಬ ಕಿವಿಯ ವೈದ್ಯರು, ಹರಳು ಒಳಗೆ ಬಂದ ದಾರಿಯಿಂದಲೇ ಅದನ್ನು ಹೊರಳಿಸಿ ಹೊರಗೆ ಹಾಕಬಹುದಲ್ಲವೆ ಎಂದು ಯೋಚಿಸಿದರು. ಶಸ್ತ್ರವಿಲ್ಲ, ಗುಳಿಗೆಯಿಲ್ಲ, ಬರಿಯ ತಲೆಯನ್ನು ತಿರುಗಿಸುವುದೆಂದರೆ ಸಹವೃತ್ತಿಯವರಿಗೆ ನಂಬಿಕೆ ಬರಲಿಲ್ಲ. 1992ರಲ್ಲಿ ಅವರ ವಿವರವಾದ ಲೇಖನವು ಪ್ರಕಟವಾಯಿತು. ಈಗ ಈ ಕ್ರಮವು ಲೋಕದಲ್ಲೆಲ್ಲ ರೂಢಿಯಲ್ಲಿದೆ.

ನಾವು ಬಲ್ಲ ಒಂದು ಮನೆಯಲ್ಲಿ ಅತ್ತೆಯವರು ನಾಲ್ಕು ತಿಂಗಳು ಮಲಗಿ ನಿದ್ರಿಸಲಿಲ್ಲ. ಗೋಡೆಗೆ ದಿಂಬನ್ನಿಟ್ಟು ಒರಗಿಕೊಂಡೇ ಬೆಳಗು ಮಾಡುತ್ತಿದ್ದರು. ಬಚ್ಚಲಿಗೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಕಡಮೆ ಮಾಡಿದರು. "ಇನ್ನೇನಮ್ಮಾ, ನನ್ನ ಕಾಲ ಮುಗಿಯಿತು" ಎಂದು ಸೊಸೆಯೊಡನೆ ಹೇಳಿ, ಬೀಗದ ಕೈಯನ್ನೂ ಕೊಟ್ಟುಬಿಟ್ಟಿದ್ದರು. ಸೊಸೆಯು ಒಳ್ಳೆಯ ಹುಡುಗಿ. "ಕೈಯನ್ನು ನಾನಿಟ್ಟುಕೊಳ್ಳುವುದಿಲ್ಲ, ಅತ್ತೆ, ಕಿವಿಯ ವೈದ್ಯರಲ್ಲಿಗೆ ಒಮ್ಮೆ ಬನ್ನಿ" ಎಂದು ಹಟಹಿಡಿದು ಕರೆದೊಯ್ದಳು. ವೈದ್ಯರು ಮಾಡಿದುದು ಹತ್ತು ನಿಮಿಷದ ಕೆಲಸ.

ಆ ಕೆಲಸವು ಹೀಗೆ. ಬಲಗಿವಿಯ ದೋಷವೆಂದಿಟ್ಟುಕೊಳ್ಳೋಣ, ಬಲಕ್ಕೆ ಹೊರಳಿದಾಗ ಸುತ್ತು ಹೆಚ್ಚುವುದೇ ಅದರ ಗುರುತು. ಮಂಚದ ಮೇಲೆ ಕಾಲು ನೀಡಿ ಕುಳಿತು, ಮುಖವನ್ನು 45 ಡಿಗ್ರಿಯಷ್ಟು ಬಲಕ್ಕೆ ತಿರುಗಿಸುವುದು. ಹಾಗೆಯೇ ಅಂಗಾತವಾಗಿ ಮಲಗಿ, ತಲೆಯು ಭುಜಕ್ಕಿಂತ ತುಸು ಕೆಳಗಿರುವಂತೆ ಬಿಡುವುದು. ಸುತ್ತು ಬರುವುದು; ಅದು ನಿಲ್ಲುವವರೆಗೂ, ಆಮೇಲೂ ಅರ್ಧ ನಿಮಿಷ ಕಾಯುವುದು. ಬಳಿಕ ಮುಖವನ್ನು 90 ಡಿಗ್ರಿಯಷ್ಟು ಎಡಕ್ಕೆ ತಿರುಗಿಸಿ ಮತ್ತೆ ಕಾಯುವುದು. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ಮುಖವು ನೆಲವನ್ನು ನೋಡುವಂತೆ ಮಾಡುವುದು. ಇನ್ನೊಮ್ಮೆ ಕಾದು, ಕಾಲನ್ನು ಇಳಿಬಿಟ್ಟು ಮೆಲ್ಲನೆ ಎದ್ದು ಕೂರುವುದು. ಎಡಗಿವಿಯಾದರೆ ಎಲ್ಲವೂ ತಿರುವುಮುರುವು. ಬಹುಮಂದಿಗೆ ಒಂದೆರಡು ಸಲದಲ್ಲಿಯೇ ಗುಣವಾಗುವುದು. ಆದರೆ ಯಾವ ಕಿವಿ, ಯಾವ ನಾಳ ಎಂಬುದನ್ನು ಮೊದಲ ಸಲ ವೈದ್ಯರೇ ನಿರ್ಣಯಿಸಬೇಕು. ಕುತ್ತಿಗೆಯ ಮೂಳೆಯಲ್ಲಿ ತೊಂದರೆಯುಳ್ಳವರು ತಾವಾಗಿ ಎಂದಿಗೂ ಮಾಡಕೂಡದು.

ಗುಳಿಗೆಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವು ಸ್ವಲ್ಪ ಕಟುವಾದುದು. ವಾಂತಿಯನ್ನೂ ಸುತ್ತನ್ನೂ ತಗ್ಗಿಸುವ ಪ್ರೋಕ್ಲೋರ್‌ಪೆರಜಿನ್ ಮೊದಲಾದುವು ಎರಡು ಮೂರು ದಿನಕ್ಕೆ ಒಳ್ಳೆಯವು. ಅವು ಹರಳನ್ನು ಕದಲಿಸಲಾರವು. ಹಳೆಯ ಚೀಟಿಯನ್ನೇ ತೋರಿಸಿ ತಿಂಗಳುಗಟ್ಟಲೆ ನುಂಗುವವರಿಗೆ ಮಂಕು ಕವಿಯುವುದು, ಕೈನಡುಕವೂ ಬರಬಹುದು. ಮುದುಕರು ಬೀಳುವುದಕ್ಕೆ ಅದೂ ಒಂದು ಕಾರಣ.

ಎಲ್ಲ ತಲೆಸುತ್ತೂ ಈ ಜಾತಿಯದಲ್ಲ. ಸುತ್ತು ಗಂಟೆಗಟ್ಟಲೆ ಇದ್ದು, ಕಿವಿಯಲ್ಲಿ ಮೊರೆತವೂ ಮಂದತೆಯೂ ಸೇರಿದ್ದರೆ ಅದು ಪ್ಯಾರಿಸಿನ ಮೆನಿಯೇರ್ 1861ರಲ್ಲಿ ವಿವರಿಸಿದ ಬೇರೆ ವ್ಯಾಧಿಯಾಗಿರಬಹುದು. ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖವಾಗಲಿ ಕೈಕಾಲಾಗಲಿ ಒಂದು ಕಡೆ ಸೋತರೆ, ನಡೆಯಲೇ ಆಗದಿದ್ದರೆ, ಹಿಂದೆಂದೂ ಇಲ್ಲದ ತಲೆನೋವು ಹಠಾತ್ತಾಗಿ ಬಂದರೆ, ಪಾನಕಕ್ಕೂ ಕಷಾಯಕ್ಕೂ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಅದು ಮಿದುಳಿನ ಆಘಾತವಾಗಿರಬಹುದು.

ಮೇಲೆ ಹೇಳಿದ ತಾಯಿಯವರಿಗೆ ಮರುವರ್ಷ ಮತ್ತೆ ಸುತ್ತು ಬಂದಿತು. ಈ ವ್ಯಾಧಿಯು ಹಾಗೆ ಮರಳುವುದುಂಟು. ಈ ಸಲ ಅವರು ಗೋಡೆಗೆ ಒರಗಿ ಕೂರಲಿಲ್ಲ. ಅಟ್ಟದ ಡಬ್ಬಿಗಳನ್ನು ಎದೆಮಟ್ಟದ ಗೂಡಿಗೆ ಇಳಿಸಿದ್ದಾರೆ, ರಾತ್ರಿ ಬಚ್ಚಲ ದಾರಿಯಲ್ಲಿ ಸಣ್ಣ ದೀಪವಿರುತ್ತದೆ, ಎದ್ದೊಡನೆ ನಡೆಯದೆ ಮಂಚದ ತುದಿಯಲ್ಲಿ ಒಂದು ನಿಮಿಷ ಕೂರುತ್ತಾರೆ. ಯಾವ ಮಗ್ಗುಲಿಗೆ ಸುತ್ತು ಬಂದಿತೆಂಬುದನ್ನು ಸೊಸೆಯು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದಳು. ವೈದ್ಯರು ಮೊದಲು ಕೇಳಿದುದು ಅದನ್ನೇ.