ಶಾಸ್ತ್ರದಾನವೋ, ಕಾಗದದಾನವೋ?

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕ ಕುಟುಂಬವಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಸಮಾಜದ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆಕೆ ಹಂಚಿಸಿದ್ದು ಓದುವವನ ಬುದ್ಧಿಗೆ ಕೆಲಸ ಕೊಡುವ ಒಂದು ಚಂಪೂಕಾವ್ಯವನ್ನು. ಇಂದು ಅದೇ ಶಾಸ್ತ್ರದಾನದ ಹೆಸರಿನಲ್ಲಿ ಮಕ್ಕಳ ಕೈಗೆ ಬರುವುದೇನು? ನಾಲ್ಕಾರು ಸ್ತುತಿಗಳ ಕಿರುಹೊತ್ತಿಗೆ. ಮುಖಪುಟದಲ್ಲಿ ದಾನಿಗಳ ಭಾವಚಿತ್ರ. ಕೃತಿಕಾರನ ಹೆಸರು ಹುಡುಕಿದರೆ ಸಿಕ್ಕೀತು, ಸಿಗದೆಯೂ ಇದ್ದೀತು. ಸ್ತುತಿಗಳು ಬೇಡವೆಂದು ಯಾರೂ ಹೇಳರು. ಅವನ್ನು ಕಂಠಪಾಠ ಮಾಡಿದ ಮಗುವಿಗೆ ಓದಲು ಮತ್ತೇನೂ ಇಲ್ಲದಿರುವುದೇ ಆಕ್ಷೇಪದ ವಿಷಯ.

ಆರರಿಂದ ಎಂಟನೆಯ ತರಗತಿಯವರೆಗಿನ ಮೂರು ವರ್ಷಗಳು ‘ಏಕೆ’ ಎಂಬ ಪ್ರಶ್ನೆಯ ವರ್ಷಗಳು. ಸೂರ್ಯಾಸ್ತದ ಮೊದಲೇ ಏಕೆ ಉಣ್ಣಬೇಕು, ಆಲೂಗಡ್ಡೆಯನ್ನು ಏಕೆ ಬಿಡಬೇಕು, ಸಸ್ಯಕ್ಕೂ ಜೀವವುಂಟಲ್ಲವೇ ಎಂದು ಮಗು ಕೇಳುತ್ತದೆ. ‘ದೊಡ್ಡವರು ಹೇಳಿದ್ದನ್ನು ಕೇಳು’ ಎಂಬ ಉತ್ತರ ಬರುತ್ತದೆ. ಅದೇ ಮಗು ಮುಂದೆ ಅರಸೀಕೆರೆಯಿಂದಲೋ ಬೇಲೂರಿನಿಂದಲೋ ಹಾಸನಕ್ಕೆ, ಬೆಂಗಳೂರಿಗೆ ಪಿಯುಸಿ ಓದಲು ಹೋಗಿ ಹಾಸ್ಟೆಲ್ ಸೇರುತ್ತದೆ. ಅಲ್ಲಿ ಪಕ್ಕದ ಹಾಸಿಗೆಯ ಸಹಪಾಠಿ ಅದೇ ಪ್ರಶ್ನೆಯನ್ನು ನಗುತ್ತಾ ಕೇಳಿದಾಗ, ಏಕೇಂದ್ರಿಯ ಜೀವಕ್ಕೂ ಪಂಚೇಂದ್ರಿಯ ಜೀವಕ್ಕೂ ಇರುವ ಭೇದವನ್ನಾಗಲಿ, ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕೆಂಬ ಗೃಹಸ್ಥಧರ್ಮದ ತರ್ಕವನ್ನಾಗಲಿ ಎಂದೂ ಆಲೋಚಿಸದ ತರುಣನಿಗೆ ಉಳಿಯುವ ಮಾತು ಒಂದೇ: ‘ನಮ್ಮ ಮನೆಯಲ್ಲಿ ಹಾಗೆ.’ ಅಷ್ಟು ಬಡವಾದ ಉತ್ತರ ಹಾಸ್ಟೆಲಿನಲ್ಲಿ ಎಷ್ಟು ದಿನ ಬಾಳೀತು? ಮಕ್ಕಳು ಆಚಾರ ಬಿಟ್ಟರೆಂದು ಹಿರಿಯರು ಪಟ್ಟಣವನ್ನು ದೂರುತ್ತಾರೆ. ದೂರಬೇಕಾದದ್ದು ಮನೆಯಲ್ಲಿಯೂ ಬಸದಿಯಲ್ಲಿಯೂ ಇರುವ ಬರಿದಾದ ಪುಸ್ತಕದ ಕಪಾಟನ್ನು.

ಎಳೆಯ ಮನಸ್ಸಿನಲ್ಲಿ ಸಂದೇಹ ಬಿತ್ತಬಾರದು, ಶ್ರದ್ಧೆ ಮೊದಲು, ವಿಚಾರ ಅನಂತರ ಎಂಬ ವಾದವುಂಟು. ಕೇಳಲು ಹಿತವಾದ ಈ ವಾದ ಹೊಯ್ಸಳ ನಾಡಿನ ಜೈನ ಪರಂಪರೆಗೆ ಸರ್ವಥಾ ಒಪ್ಪುವುದಿಲ್ಲ. ದೋರಸಮುದ್ರವನ್ನು, ಅಂದರೆ ಇಂದಿನ ಹಳೇಬೀಡನ್ನು, ರಾಜಧಾನಿಯಾಗಿ ಉಳ್ಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎನಿಸಿಕೊಂಡ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನೇ ನೋಡಬಹುದು. ಅದರ ಆರಂಭದಲ್ಲಿ ನಿಂತಿರುವವರು ಇಬ್ಬರು ಮಕ್ಕಳು. ಅಭಯರುಚಿ, ಅಭಯಮತಿಯರೆಂಬ ಅಣ್ಣತಂಗಿಯರನ್ನು ಚಂಡಮಾರಿಯ ಗುಡಿಗೆ ಬಲಿಗಾಗಿ ಎಳೆತಂದಿದ್ದಾರೆ. ದೊರೆ ಮಾರಿದತ್ತನ ಕೈಯಲ್ಲಿ ಕತ್ತಿಯಿದೆ. ಮಕ್ಕಳು ಅಳುವುದಿಲ್ಲ, ಕಥೆ ಹೇಳುತ್ತಾರೆ. ಹನ್ನೆರಡು ವರ್ಷದ ಓದುಗನನ್ನು ಹಿಡಿದು ಕೂರಿಸಲು ಇದಕ್ಕಿಂತ ಮಿಗಿಲಾದ ಆರಂಭ ಯಾವ ಸಾಹಸಕಥೆಯಲ್ಲಿದೆ?

ಆ ಕಥೆಯ ಮರ್ಮ ಹಿಟ್ಟಿನ ಕೋಳಿಯಲ್ಲಿದೆ. ಯಶೋಧರನು ಮಡದಿಯ ದ್ರೋಹವನ್ನು ಕಂಡೂ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ತಾಯಿಗೆ ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ಸುಳ್ಳಾಡುತ್ತಾನೆ. ಕನಸಿನ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹೇಳಿದಾಗ ಒಪ್ಪದೆ, ಕೊನೆಗೆ ಅವಳ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುತ್ತಾನೆ. ಆ ಒಂದು ಏಟಿನ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ. ಹಿಟ್ಟಿಗೆ ಜೀವವಿಲ್ಲ, ಹಾಗಾದರೆ ಹಿಂಸೆಯಾದದ್ದು ಎಲ್ಲಿ? ಸಂಕಲ್ಪಮಾತ್ರದಿಂದ ಪಾಪವುಂಟಾದೀತೇ? ತಾಯಿಯ ಮಾತನ್ನು ಮೀರಬೇಕಾಗಿತ್ತೇ? ಕಂಪ್ಯೂಟರಿನ ಆಟದಲ್ಲಿ ಗುಂಡು ಹಾರಿಸಿ ಜೀವವಿಲ್ಲದ ಆಕೃತಿಗಳನ್ನು ಕೆಡವುತ್ತಾ ಕುಳಿತ ಇಂದಿನ ಬಾಲಕನಿಗೆ ಇಷ್ಟು ನೇರವಾಗಿ ತಾಗುವ ಪ್ರಶ್ನೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಕವಿಯೊಬ್ಬನು ಇಟ್ಟುಹೋಗಿದ್ದಾನೆ. ಮೂಲದ ಹಳಗನ್ನಡವಾಗಲಿ, ಅಮೃತಮತಿಯ ಪ್ರಸಂಗದ ವಿವರಗಳಾಗಲಿ ಆ ವಯಸ್ಸಿಗೆ ತಕ್ಕವಲ್ಲವೆಂಬುದು ದಿಟ. ಆದರೆ ಬೇಕಾದದ್ದು ಸರಳವಾದ ಮರುಹೇಳಿಕೆ, ಪ್ರಶ್ನೆಯನ್ನೇ ತೆಗೆದುಹಾಕಿ ‘ಆದ್ದರಿಂದ ಮಕ್ಕಳೇ’ ಎಂದು ಮುಗಿಸುವ ನೀತಿಪಾಠವಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೂ ಈ ಮಾತು ಸಲ್ಲುತ್ತದೆ.

ಹಳೇಬೀಡಿನ ಬಸ್ತಿಹಳ್ಳಿಗೆ ಶಾಲೆಯ ಪ್ರವಾಸಗಳು ಹೋಗುವುದು ಕಡಿಮೆ. ಬಸ್ಸುಗಳು ಹೊಯ್ಸಳೇಶ್ವರದ ಮುಂದೆಯೇ ನಿಂತು ತಿರುಗುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಅಲ್ಲಿ ಮಾತ್ರ ಜನಸಂದಣಿ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಹೋದ ಮಕ್ಕಳೂ ಕನ್ನಡಿಯಂಥ ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು ಹಿಂದಿರುಗುತ್ತಾರೆ. ಆ ಬಸದಿಯ ಕಂಬಗಳ ಬಗೆಗೆ 1638ರ ಶಾಸನವೊಂದು ಹೇಳುವ ಕಥೆಯನ್ನು ಅವರಿಗೆ ಯಾರು ಹೇಳಿದ್ದಾರೆ? ವೀರಶೈವರೊಬ್ಬರು ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದರು; ಜೈನರೊಬ್ಬರು ಅದನ್ನು ಅಳಿಸಿದರು. ಕಲಹ ಬೆಳೆಯದಂತೆ ಎರಡೂ ಸಮಾಜಗಳ ಪ್ರಮುಖರು ಕೂಡಿ ತೀರ್ಮಾನ ಮಾಡಿದರು: ಜೈನರು ಮೊದಲು ವಿಭೂತಿ, ವೀಳ್ಯಗಳನ್ನು ಸಲ್ಲಿಸಿ, ಅನಂತರ ತಮ್ಮ ಪೂಜೆಯನ್ನು ಎಂದಿನಂತೆ ನಡೆಸತಕ್ಕದ್ದು. ಇದು ನ್ಯಾಯವೇ, ಸೋಲೇ, ಜಾಣ್ಮೆಯೇ? 1368ರಲ್ಲಿ ಬುಕ್ಕರಾಯನು ಜೈನ–ಶ್ರೀವೈಷ್ಣವರ ವಿವಾದವನ್ನು ತೀರಿಸಿದ ಶ್ರವಣಬೆಳಗೊಳದ ಶಾಸನವನ್ನು ಇದರ ಪಕ್ಕದಲ್ಲಿಟ್ಟು ಎಂಟನೆಯ ತರಗತಿಯವರಿಗೆ ಓದಿಸಿದರೆ, ಸಪ್ತಭಂಗಿಯ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಬಾರದ ಅನೇಕಾಂತ ಅಲ್ಲಿ ತಾನಾಗಿ ಬಂದೀತು. ಇಂಥ ಶಾಸನಗಳನ್ನು ಮಕ್ಕಳಿಗಾಗಿ ಹೊಸಗನ್ನಡದಲ್ಲಿ ಅಚ್ಚುಮಾಡಿಸುವುದು ಯಾವ ಟ್ರಸ್ಟಿನ ಶಕ್ತಿಗೂ ಮೀರಿದ್ದಲ್ಲ.

ಬೇಲೂರಿನ ಮಾತು ಬಂದರೆ ಶಾಂತಲೆ. ಪತಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದನು. ಜಿನಭಕ್ತೆಯಾದ ಆಕೆ 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಬಂದಿತು. ಅಷ್ಟು ಬೃಹತ್ತಾದ ಕಾದಂಬರಿಯನ್ನು ಮಗುವಿನ ಮಡಿಲಿಗೆ ಹಾಕುವುದು ಸಲ್ಲದು. ಆಯ್ದ ಅಧ್ಯಾಯಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಬಹುದು. ಕಾದಂಬರಿ ಬೇರೆ, ಶಾಸನ ಬೇರೆ ಎಂಬುದನ್ನೂ ಆಗಲೇ ಕಲಿಸಬಹುದು.

ಜೈನೇತರರ ಪುಸ್ತಕಗಳ ಬಗೆಗೆ ಟ್ರಸ್ಟುಗಳ ಅಳುಕು ಇನ್ನೂ ಹೆಚ್ಚು. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಇದೇ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು. ಅದರಲ್ಲಿ ಬಾಲಕ ಮೋಹನದಾಸನು ಗೆಳೆಯನ ಮಾತಿಗೆ ಮರುಳಾಗಿ ಗುಟ್ಟಾಗಿ ಮಾಂಸ ತಿಂದ ಪ್ರಸಂಗವಿದೆ. ವಿದೇಶಕ್ಕೆ ಹೊರಡುವ ಮುನ್ನ ಬೇಚರಜೀ ಸ್ವಾಮಿ ಎಂಬ ಜೈನ ಸಾಧುವಿನ ಎದುರು ಮಾಂಸ ಮುಟ್ಟೆನೆಂದು ಪ್ರತಿಜ್ಞೆ ಮಾಡಿದ ಪ್ರಸಂಗವೂ ಇದೆ. ಮೊದಲನೆಯದನ್ನು ಮರೆಮಾಡಿದರೆ ಎರಡನೆಯದಕ್ಕೆ ಏನು ಬೆಲೆ? ಇನ್ನೂ ಕಿರಿಯರಿಗೆ, 2010ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಯಿದೆ. ಬೇಲೂರಿಗೆ ನೆರೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯಲ್ಲಿ ಬೇಟೆಯಿದೆ, ಆದ್ದರಿಂದ ಅದು ಬೇಡ ಎನ್ನುವವರು, ವಡ್ಡಾರಾಧನೆಯಲ್ಲಿ ಕೊಲೆಯಿಲ್ಲವೇ, ಯಶೋಧರನ ಕಥೆಯಲ್ಲಿ ಬೇಟೆಯಿಲ್ಲವೇ ಎಂಬುದಕ್ಕೆ ಮೊದಲು ಉತ್ತರಿಸಲಿ. ಅವರದೇ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಜಾಡು ವಿಜ್ಞಾನಿಗೆ ಸಿಕ್ಕುವುದು ಹಳ್ಳಿಯ ಮಂದಣ್ಣನಿಂದ, ಬಲ್ಲವನು ಯಾರು ಎಂಬ ಪ್ರಶ್ನೆಯನ್ನು ಮಗು ಅಲ್ಲಿ ಎದುರಿಸುತ್ತದೆ. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಹಳೆಯವಾದರೂ ಕಪಾಟಿನಲ್ಲಿ ಇರತಕ್ಕವೇ.

ಪುಸ್ತಕ ಸಿಗುವುದಿಲ್ಲವೆಂಬ ನೆಪ ಬೇಡ. ಅರಸೀಕೆರೆ ರೈಲು ಜಂಕ್ಷನ್. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಪುಸ್ತಕದಂಗಡಿಗಳಿಂದ ಅಲ್ಲಿಗೆ ಏನು ಬರಲಾರದು? ಆದರೆ ತಂದದ್ದಕ್ಕೆ ಬೀಗ ಹಾಕಬಾರದು. ಮೂಡುಬಿದಿರೆಯ ಧವಲಾದಿ ತಾಡವೋಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಒದಗಿ, 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಓದುವವರ ಕೈಸೇರಿದವು. ಪುಸ್ತಕ ಹರಿದೀತು, ಕಳೆದೀತು ಎಂಬ ಭಯದಿಂದ ಇಂದಿಗೂ ಗಾಜಿನ ಕಪಾಟಿನ ಕೀಲಿ ಕಾರ್ಯದರ್ಶಿಗಳ ಮನೆಯಲ್ಲಿರುವುದು ಅದೇ ಅಭ್ಯಾಸದ ಮುಂದುವರಿಕೆ. ಹರಿದ ಪುಸ್ತಕ ಓದಿದ ಪುಸ್ತಕ.

ದಶಲಕ್ಷಣ ಪರ್ವದಲ್ಲಿ ಹತ್ತು ಸಂಜೆಗಳಿವೆ. ಮಹಾವೀರ ಜಯಂತಿಯ ಸ್ಪರ್ಧೆಗಳಿಗೆ ಕೊಡುವ ಸ್ಟೀಲ್ ಡಬ್ಬಿಗಳ ಹಣದಲ್ಲಿ ಪುಸ್ತಕ ಕೊಂಡು ಒಂದು ತಿಂಗಳ ಮೊದಲೇ ಮಕ್ಕಳಿಗೆ ಹಂಚಿ, ಆ ಸಂಜೆಗಳಲ್ಲಿ ಅವರಿಗೆ ಮಾತನಾಡಲು ಅವಕಾಶ ಕೊಡಬಹುದು. ಉತ್ತಮ ಸತ್ಯದ ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು, ಯಶೋಧರನು ತಾಯಿಗೆ ಸುಳ್ಳು ಕನಸು ಹೇಳಿದ್ದೇಕೆ ಎಂದು ಸಭೆಯನ್ನು ಕೇಳಿದರೆ, ಅಭಿಷೇಕದ ಕಲಶಗಳ ಸವಾಲು ಹತ್ತು ನಿಮಿಷ ತಡವಾಗಿ ಆರಂಭವಾದೀತು, ಅಷ್ಟೆ.